ತಾಳ ನನ್ನ ಕೈಯಲ್ಲಿತ್ತು

ಬಸವಕಲ್ಯಾಣವನ್ನು ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದ ನಿಜಾಮರ ಕಾಲ ಅದು. ನಮ್ಮ ಹೆಣ್ಣುಮಕ್ಕಳ ಶಾಲೆ ಸಾಹುಕಾರರೊಬ್ಬರ ಹಳೆಯ ಉಗ್ರಾಣದಲ್ಲಿ ನಡೆಯುತ್ತಿತ್ತು. ಅಲ್ಲಿನ ಕುಸುಬೆ ಎಣ್ಣೆಯ ವಾಸನೆ ನಮ್ಮ ಲಂಗಕ್ಕೆ ಹತ್ತಿಕೊಂಡು ಮನೆತನಕ ಬರುತ್ತಿತ್ತು. ದಿನವೆಲ್ಲ ಉರ್ದು, ಕಡೆಯ ತಾಸು ಮಾತ್ರ ಹಾಡು. ಆ ತಾಸಿಗಾಗಿಯೇ ನಾವು ಶಾಲೆಗೆ ಹೋಗುತ್ತಿದ್ದೆವು ಎಂದರೆ ಸುಳ್ಳಲ್ಲ.

ಹಾಡು ಕಲಿಸುವ ಶರಣಪ್ಪ ಮಾಸ್ತರರ ಕೈಯಲ್ಲಿ ಛಡಿ ಇರಲಿಲ್ಲ. ಶಿಸ್ತನ್ನೆಲ್ಲ ಆಟದಲ್ಲೇ ಕಲಿಸುತ್ತಿದ್ದರು. ಹಾರ್ಮೋನಿಯಂ ಪೇಟಿಯಲ್ಲಿ ಮೇಲಿನ ಸಾ ಹಿಡಿದರೆ ಏಳಬೇಕು, ಕೆಳಗಿನ ಸಾ ಹಿಡಿದರೆ ಕೂಡಬೇಕು, ಪೇಟಿ ನಿಂತರೆ ಇದ್ದಲ್ಲೇ ಗೊಂಬೆಯಾಗಬೇಕು. ಎಲ್ಲಕ್ಕಿಂತ ದೊಡ್ಡದು ತಾಳದ ಆಟ. ದುಂಡಗೆ ಕೂತು, ದಾರ ಕಟ್ಟಿದ ಹಿತ್ತಾಳೆ ತಾಳಗಳನ್ನು ಸದ್ದಾಗದಂತೆ ಕೈಯಿಂದ ಕೈಗೆ ದಾಟಿಸಬೇಕು. ಯಾರ ಕೈಯಲ್ಲಿ ಸದ್ದಾಯಿತೋ ಅವರು ಬಾಗಿಲ ಬಳಿ ಹೋಗಿ ಕೂಡಬೇಕು. ಕೊನೆಗೆ ಉಳಿದವಳು ಹಾಡು ಎತ್ತುವವಳು.

“ತಾಳ ಯಾರ ಕೈಯಾಗ ಅದ, ಮಾತು ಅವರದು. ಉಳದವರು ಬಾಯಿ ತೆರೀಬಾರದು,” ಎನ್ನುತ್ತಿದ್ದರು ಮಾಸ್ತರರು.

ನನ್ನ ಪಕ್ಕ ಕೂಡುತ್ತಿದ್ದವಳು ಕಾಶವ್ವ, ಕೂಲಿಯವರ ಮಗಳು. ಮಾತಾಡಿದರೆ ತೊದಲುತ್ತಿದ್ದಳು, ಹಾಡಿದರೆ ಒಂದಕ್ಷರ ಎಡವುತ್ತಿರಲಿಲ್ಲ. ಅವಳಪ್ಪ ಶಾಲೆ ಇನ್ನು ಸಾಕು ಎಂದಿದ್ದ. ಅಷ್ಟರಲ್ಲಿ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಸುದ್ದಿಯಾಯಿತು. ಹಿಂದಿನ ದಿನ ತಾಳದಾಟ ಗೆದ್ದವಳೇ ಅವರೆದುರು ಹಾಡುವುದೆಂದು ಮಾಸ್ತರರು ಗೊತ್ತುಮಾಡಿದರು. ಕಾಶವ್ವ ನನ್ನ ಕಿವಿಯಲ್ಲಿ ಹೇಳಿದಳು: “ನಾ ಹಾ... ಹಾಡಿದ್ದು ಕೇಳಿದ್ರ ಅಪ್ಪ ಸಾಲಿ ಬಿಡಸಾಂಗಿಲ್ಲ.”

ಆ ದಿನ ಕೊನೆಗೆ ಉಳಿದವರು ನಾವಿಬ್ಬರೇ. ನನಗೆ ಸಾಹೇಬರ ಶಾಬಾಸ್ ಬೇಕಿತ್ತು, ಅಷ್ಟೇ. ತಾಳ ದಾಟಿಸುವಾಗ ದಾರವನ್ನು ಬೆರಳಿಗೆ ಸುತ್ತಿಕೊಂಡು, ಬಿಡದೆ ಹಿಡಿದೆ. ದಾರ ಜಗ್ಗಿ ಅವಳ ಕೈಯಲ್ಲಿ ತಾಳ ಕಿಣಿ ಎಂದಿತು.

ಮಾಸ್ತರರು ನಿಟ್ಟುಸಿರು ಬಿಟ್ಟು ತಾಳವನ್ನು ನನ್ನ ಕೈಗೆ ಕೊಟ್ಟರು. ಕಾಶವ್ವ ಏನೋ ಹೇಳಲು ಬಾಯಿ ತೆರೆದವಳು ನನ್ನ ಕೈ ನೋಡಿ ಮುಚ್ಚಿದಳು. ಎದ್ದು ಬಾಗಿಲ ಬಳಿ ಹೋಗಿ ಕೂತಳು.

“ಅಕಿ ಯಾಕ ಅಳಾಕತ್ತಾಳ?” ಎಂದು ಮಾಸ್ತರರು ನನ್ನನ್ನು ಕೇಳಿದರು.

“ಗೊತ್ತಿಲ್ರಿ,” ಎಂದೆ.

ಮರುದಿನ ನಾನು ಹಾಡಿದೆ, ಶಾಬಾಸ್ ಸಿಕ್ಕಿತು. ಹಾಡು ಕೇಳಲು ಬಂದು ಹೊರಗೆ ನಿಂತಿದ್ದ ಕಾಶವ್ವನ ಅಪ್ಪ, ಹಾಡುತ್ತಿರುವವಳು ತನ್ನ ಮಗಳಲ್ಲ ಎಂದು ಕಂಡು, ಅವಳ ಕೈ ಹಿಡಿದು ಕರೆದುಕೊಂಡು ಹೋದ. ಅವಳು ಮತ್ತೆ ಶಾಲೆಗೆ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ, ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನಲ್ಲಿ ಒಂದು ಮದುವೆಗೆ ಹೋದಾಗ ಸಿಕ್ಕಳು. ತೊಡೆಯ ಮೇಲೆ ಮೊಮ್ಮಗಳಿದ್ದಳು. ನಾನು ಮಾಡಿದ್ದನ್ನು ಒಪ್ಪಿಕೊಂಡು ಕೇಳಿದೆ, “ಅವತ್ತು ಯಾಕ ಹೇಳಲಿಲ್ಲ, ಕಾಶಿ?”

“ತಾ... ತಾಳ ನಿನ್ನ ಕೈಯಾಗ ಇತ್ತಲ್ಲವ್ವ,” ಎಂದಳು. ಸಿಟ್ಟೇನೂ ಇರಲಿಲ್ಲ. ಹಾಡ್ತೀಯಾ ಈಗ ಎಂದರೆ ಇಲ್ಲವೆಂದು ತಲೆಯಾಡಿಸಿ, ಊಟಕ್ಕೆ ಏಳು ಎಂದಳು.

ಮಾಸ್ತರರು ಹೋಗಿ ಬಹಳ ಕಾಲವಾಯಿತು. ಉಗ್ರಾಣ ಬಿದ್ದ ಜಾಗದಲ್ಲಿ ಅಂಗಡಿಗಳು ಎದ್ದಿವೆ. ಸಾಹೇಬರೆದುರು ಹಾಡಿದ ಆ ಹಾಡಿನ ಒಂದು ಸಾಲೂ ನನಗೆ ನೆನಪಿಲ್ಲ. ಮಾಸ್ತರರು ಅಷ್ಟು ಪ್ರೀತಿಯಿಂದ ಕಲಿಸಿದ ನಿಯಮವನ್ನು ಇಡೀ ತರಗತಿಯಲ್ಲಿ ಮನಸ್ಸಿಟ್ಟು ಪಾಲಿಸಿದವಳು ಕಾಶವ್ವ. ಅವಳನ್ನೇ ನಾನು ಶಾಲೆ ಬಿಡಿಸಿದೆ.