ಚೌಡಣ್ಣನಿಗೆ ತಿಳಿಯದ ಬುಧನ ಗುಂಡಿ

ಮದುವೆಯೆಂದರೆ ಮಾರು ದೂರ ಓಡಿದ ಚೌಡಣ್ಣ ಐವತ್ತು ದಾಟಿದ್ದು ಕುರಿಗಳ ಹಿಂದೆಯೇ. ಸುಗ್ಗಿ ಮುಗಿದರೆ ಹಂಪಸಾಗರದ ಕಡೆಯ ಹೊಲಗಳಲ್ಲಿ ಕುರಿ ತರುಬುವ ಕೆಲಸ: ರಾತ್ರಿಯೆಲ್ಲ ಮಂದೆ ಅಲ್ಲೇ ಮಲಗಬೇಕು, ಗೊಬ್ಬರ ಹೊಲಕ್ಕೆ, ಜೋಳ ಇವನಿಗೆ. ಹೊಲದವರು ಜೋಳ ಅಳೆದುಕೊಟ್ಟು ಮನೆ ಸೇರುತ್ತಾರೆ; ಇವನೊಂದಿಗೆ ಮಾತಿಗೆ ಕೂರುವವರು ಯಾರು?

ಹೀಗಿರುವಾಗ ಅಕ್ಕನ ಮಗಳು ಕೀರ್ತನಾ ಬಳ್ಳಾರಿಯ ಹಾಸ್ಟೆಲಿನಿಂದ ಸಂಜೆ ಸಂಜೆ ಫೋನು ಮಾಡತೊಡಗಿದಳು. ಭೂವಿಜ್ಞಾನ ಓದುವ ಹುಡುಗಿ. ಬುಧಗ್ರಹದ ಮೇಲಿನ ಭಾರೀ ಗುಂಡಿಯೊಂದರ ಹುಟ್ಟು ಬೆಳವಣಿಗೆ ಕುರಿತು ತರಗತಿಯ ಮುಂದೆ ಮಾತಾಡಬೇಕಿತ್ತು. ಎದ್ದು ನಿಂತರೆ ನಾಲಿಗೆ ಒಣಗುತ್ತಿತ್ತು. ಮಾವನಿಗೆ ಹೇಳಿ ಹೇಳಿ ರೂಢಿಯಾದರೆ ಧೈರ್ಯ ಬಂದೀತೆಂದು ಅವಳ ಆಸೆ.

ಚೌಡಣ್ಣನಿಗೆ ಎರಡನೇ ದಿನಕ್ಕೇ ಎಲ್ಲ ತಿಳಿಯಿತು. ತಿಳಿಯಿತೆಂದರೆ ಫೋನು ನಿಲ್ಲುತ್ತದಲ್ಲ! ಅದಕ್ಕೇ ಪೆದ್ದನಂತೆ, "ಕಲ್ಲು ಬಿದ್ದದ್ದು ಮೊದ್ಲೋ, ಬೆಂಕಿ ಉಕ್ಕಿದ್ದು ಮೊದ್ಲೋ? ತಲಿಗೆ ಹತ್ತವಲ್ದು, ನಾಳಿ ಇನ್ನೊಮ್ಮೆ ಹೇಳವ್ವ" ಎನ್ನುತ್ತಿದ್ದ. ಕಳ್ಳ! ಮರುದಿನ ಮಧ್ಯಾಹ್ನದಿಂದಲೇ ಫೋನು ಹಿಡಿದು ಕೂರುತ್ತಿದ್ದ.

ಒಂದು ಸಂಜೆ ಕೀರ್ತನಾ ಅತ್ತೇಬಿಟ್ಟಳು. "ನಿನಗ ತಿಳಿಯಂಗ ಹೇಳಾಕೂ ಬರವಲ್ದು ನನಗ. ನಾಳಿ ಕ್ಲಾಸಿನ ಮುಂದ ನಾ ನಿಲ್ಲಾದಿಲ್ಲ ಮಾವ. ಓದೂ ಬ್ಯಾಡ, ಊರಿಗೆ ಬಂದ್ಬಿಡ್ತೀನಿ."

ಚೌಡಣ್ಣ ದಡಕ್ಕನೆ ಎದ್ದು ನಿಂತ. ಮಾತಿನ ಆಸೆಗೆ ಬಿದ್ದು ಮಗುವಿನ ಧೈರ್ಯ ತಿಂದಿದ್ದ. ನಾಚಿಕೆಯಾಯಿತು.

"ತಡಿಯವ್ವ, ಈಗ ನಾ ಹೇಳ್ತೀನಿ, ನೀ ಕೇಳು," ಎಂದ. "ಗುಡ್ಡದಂಥ ಕಲ್ಲು ಬಂದು ಬಡೀತು. ನೆಲ ಕುಸೀತು, ಸುತ್ತ ಗುಡ್ಡ ಎದ್ವು. ಆಮ್ಯಾಲೆ ಒಳಗಿಂದ ಕರಗಿದ ಕಲ್ಲು ಉಕ್ಕಿ ತಳ ತುಂಬ್ತು. ಆರಿದಂಗ ಸುಕ್ಕುಗಟ್ತು, ಬಿರುಕು ಬಿಡ್ತು. ಅವತ್ತಿಂದ ಸಣ್ಣಪುಟ್ಟ ಕಲ್ಲು ಬೀಳಾಕ ಹತ್ಯಾವ. ಹೌದಿಲ್ಲೋ?"

ಆ ಕಡೆ ಅಳು ನಿಂತು ನಗು ಬಂತು. "ಮಾವಾ! ಇಷ್ಟು ಚಲೋ ತಿಳಿದೈತಿ ನಿನಗ! ಹಂಗಾದ್ರ ನಾಳಿ ಮಾತಾಡ್ತೀನಿ."

"ಮಾತಾಡವ್ವ. ಒಂದು ಕೇಳ್ಲಾ? ಅಷ್ಟಗಲ ಬಯಲಿನಾಗ ಇಷ್ಟು ವರ್ಷ ಯಾರೂ ಬಂದು ಕುರಿ ತರುಬಲೇ ಇಲ್ಲೇನು?"

"ಅಲ್ಲಿ ಯಾರದಾರ ಮಾವ, ಬರಾಕ?"

ಮರುದಿನ ಅಕ್ಕ ಸುದ್ದಿ ಹೇಳಿದಳು. ಹುಡುಗಿ ಚೆನ್ನಾಗಿ ಮಾತಾಡಿದಳಂತೆ, ಗೆಳತಿಯರು ಐಸ್‌ಕ್ರೀಂ ಕೊಡಿಸಲು ಕರೆದೊಯ್ದರಂತೆ. ಚೌಡಣ್ಣನಿಗೆ ಖುಷಿಯಾಯಿತು, ನಿಜವಾಗಿಯೂ ಖುಷಿಯಾಯಿತು. ಆ ಸಂಜೆ ಫೋನು ಬರಲಿಲ್ಲ. ಅದರ ಮರುಸಂಜೆಯೂ ಬರಲಿಲ್ಲ. ಮೂರನೆಯ ಸಂಜೆ ತಡೆಯಲಾರದೆ ತಾನೇ ಅವಳ ನಂಬರು ಒತ್ತಿದ.

"ಏನ್ ಮಾವ?" ಎಂದಳು ಕೀರ್ತನಾ. ಹಿಂದೆ ಹುಡುಗಿಯರ ನಗು ಕೇಳುತ್ತಿತ್ತು.

"ಏನಿಲ್ಲವ್ವ," ಎಂದ ಚೌಡಣ್ಣ, "ಕೈ ತಾಗಿ ಫೋನು ಹೋಗೈತಿ."