ಜೇನು ಪೆಟ್ಟಿಗೆ ಸರಿಸಿದ ಭಾನುವಾರ

ಬೆಳಿಗ್ಗೆ ಬಾಗಿಲು ತೆಗೆದರೆ ಗುಡ್ಡ ಬೆಳ್ಳಗಿತ್ತು. ಹಿಂದಿನ ಸಂಜೆ ಹಸಿರಾಗಿಯೇ ಇದ್ದದ್ದು. ಯಾರೋ ಬಂದು ಸುಣ್ಣ ಎರಚಿ ಹೋದ ಹಾಗೆ ಕಾಫಿ ಗಿಡದ ಒಂದೊಂದು ರೆಂಬೆಯೂ ಹೂವಿನಲ್ಲಿ ಮುಳುಗಿತ್ತು. ವಾಸನೆಯೋ, ಮಲ್ಲಿಗೆಯದೇ. ಮಲ್ಲಿಗೆ ಒಂದು ಮೊಳ ಇದ್ದರೆ ಚೆಂದ, ಗುಡ್ಡದಷ್ಟಿದ್ದರೆ ತಲೆ ತಿರುಗುತ್ತದೆ. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಒಳಗಿನಿಂದ ನಮ್ಮ ಯಜಮಾನರು, ಇವತ್ತು ತೋಟದಲ್ಲಿ ಕೆಲಸವಿಲ್ಲ, ಹೂ ಬಂದಿದೆ ಎಂದರು. ಹೂ ಬಂತೆಂದು ಕೆಲಸ ನಿಲ್ಲಿಸುವ ಜನವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಮ್ಮದು ಅರಕಲಗೂಡಿನ ಕಡೆ. ಅಲ್ಲಿ ಹುಚ್ಚೆಳ್ಳಿನ ಹೊಲ ಹಳದಿಯಾಗಿ ನಿಂತಿದ್ದರೂ ಅದರ ಪಕ್ಕದಲ್ಲೇ ಬಗ್ಗಿ ಕಳೆ ಕೀಳುತ್ತಿರುತ್ತೇವೆ. ಹೂವಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಅಷ್ಟೇ. ಮನುಷ್ಯರಿಗೆ ಅಂಥ ವಾರ ಒಂದೂ ಇಲ್ಲ. ಇಲ್ಲಿ ಶನಿವಾರ ಅರ್ಧ ದಿನ, ಭಾನುವಾರ ಪೂರ್ತಿ ರಜ. ಅದರ ಮೇಲೆ, ಹೂ ಬಂದ ದಿನ ತೋಟಕ್ಕೆ ಆಳು ಇಳಿಯಬಾರದು, ಇಳಿದರೆ ಜೇನಿಗೆ ತೊಂದರೆಯಾಗಿ ಕಾಯಿ ಕಟ್ಟುವುದಿಲ್ಲ ಅನ್ನುವ ಪದ್ಧತಿ. ಆಗ ಕೊಡಗು ಬೇರೆ ರಾಜ್ಯ, ನಾವು ಮೈಸೂರಿನವರು. ಶಿರಂಗಾಲದ ಹತ್ತಿರ ಗಡಿ ದಾಟಿ ಬಂದು ನನಗೆ ನಲವತ್ತು ದಿನವಾಗಿತ್ತು.

ಯಜಮಾನರು ಅಮ್ಮತ್ತಿಯ ಹತ್ತಿರದ ಒಂದು ತೋಟದಲ್ಲಿ ರೈಟರ್. ರೈಟರ್ ಅಂದರೆ ಬೆಳಿಗ್ಗೆ ಯಾವ ಆಳು ಬಂದ, ಯಾರು ಬರಲಿಲ್ಲ ಎಂದು ಬರೆದುಕೊಳ್ಳುವವನು. ಅದು ತಿಳಿಯದೆ ನಮ್ಮಪ್ಪ, ಅಳಿಯ ದೊಡ್ಡ ಕಚೇರಿಯಲ್ಲಿದ್ದಾನೆ ಎಂದು ಊರೆಲ್ಲ ಹೇಳಿಕೊಂಡಿದ್ದ. ನಮಗೆ ಕೊಟ್ಟದ್ದು ತಗಡು ಹೊದಿಸಿದ ಎರಡು ಕೋಣೆ. ಕೆಳಗೆ ಲೈನು, ಅಂದರೆ ಆಳುಗಳ ಮನೆಗಳ ಸಾಲು. ಅಲ್ಲಿ ಒಬ್ಬಳು ತಮಿಳಿನಲ್ಲಿ ಬೈದರೆ ಇನ್ನೊಬ್ಬಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಬಿಡಿಸುವವರು ಕನ್ನಡದಲ್ಲಿ ಬಿಡಿಸುತ್ತಿದ್ದರು. ನನಗೆ ಜಗಳದ ಕೊನೆ ಮಾತ್ರ ಅರ್ಥವಾಗುತ್ತಿತ್ತು. ನಮ್ಮೂರಲ್ಲಿ ಜಗಲಿಯ ಮೇಲೆ ಕೂತರೆ ಆಚೆ ಊರಿನ ದನ ಕಾಣುತ್ತದೆ. ಇಲ್ಲಿ ಪಕ್ಕದ ಮನೆಯೇ ಕಾಣದು. ಮರದ ಮೇಲೆ ಮರ. ಆಕಾಶವನ್ನು ತಲೆ ಎತ್ತಿ ಹುಡುಕಬೇಕು.

ಇಲ್ಲಿರುವುದು ನನ್ನ ಕೈಲಾಗುವುದಿಲ್ಲ ಎಂದುಬಿಟ್ಟೆ. ಅಣ್ಣ ಬಂದು ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋಗಲಿ ಎಂದು ಕಾಗದ ಬರೆಸಿದೆ. ಬರೆದವರು ಯಜಮಾನರೇ, ಇನ್ಯಾರಿದ್ದರು? ನನ್ನದು ಎರಡನೇ ಕ್ಲಾಸಿನ ಓದು. ಅಕ್ಷರ ಕೂಡಿಸಿ ಕೂಡಿಸಿ ನೋಡಿದೆ, ನಾನು ಹೇಳಿದ ಒಂದು ಮಾತನ್ನೂ ಅವರು ಬದಲಿಸಿರಲಿಲ್ಲ. ಅಂಚೆಗೂ ಅವರೇ ಹಾಕಿದರು. ಅಣ್ಣ ಸೋಮವಾರ ಬರುವವನಿದ್ದ. ಹೂ ಬಂದದ್ದು ಶನಿವಾರ. ಹೋದರೆ ಮತ್ತೆ ಬರುವ ಯೋಚನೆ ನನಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಬೇಲಿಯ ಆಚೆ ಚಿಣ್ಣಪ್ಪಣ್ಣ, ಸೀತಕ್ಕ ಎಂಬ ಗಂಡ ಹೆಂಡತಿ ಇದ್ದರು. ಅವರೂ ಗೌಡರೇ, ಆದರೆ ಅರೆಭಾಷೆಯವರು. ಅವರವರೇ ಆಡಿಕೊಳ್ಳುವ ಮಾತು ಕೇಳಿದರೆ ಕನ್ನಡದ ಹಾಗಿರುತ್ತದೆ, ಹಿಡಿಯಲು ಹೋದರೆ ಜಾರುತ್ತದೆ. ಚಿಣ್ಣಪ್ಪಣ್ಣನಿಗೆ ಜೇನಿನ ಹುಚ್ಚು. ಮನೆಯ ಸುತ್ತ ಐದು ಪೆಟ್ಟಿಗೆ. ಆ ಹುಚ್ಚು ನಮ್ಮವರಿಗೂ ಹತ್ತಿತ್ತು. ಅವನಿಂದ ಒಂದು ಹಳೇ ಪೆಟ್ಟಿಗೆ ತಂದು ಉಜ್ಜಿ ಒಣಗಿಸಿ ಇಟ್ಟುಕೊಂಡಿದ್ದರು. ನಮ್ಮ ಕಡೆ ಜೇನನ್ನು ಕಾಡಿನವರು ಹೊಗೆ ಹಾಕಿ ಕಿತ್ತು ತರುತ್ತಾರೆ. ಸಾಕುವುದು ಎಂದಾಗ ನನಗೆ ನಗು ಬಂದಿತ್ತು. ಎತ್ತು ಸಾಕಿದರೆ ಉಳುತ್ತದೆ, ನಾಯಿ ಸಾಕಿದರೆ ಬೊಗಳುತ್ತದೆ. ನೊಣ ಸಾಕಿ ಏನು ಮಾಡುವುದು?

ಆ ಶನಿವಾರ ಎರಡು ಮನೆಯವರೂ ಬುತ್ತಿ ಕಟ್ಟಿಕೊಂಡು ಹೊರಟೆವು. ಮೂರು ಮೈಲಿ ಆಚೆ, ತೊರೆಯ ಪಕ್ಕದ ಮರದ ಪೊಟರೆಯಲ್ಲಿ ಚಿಣ್ಣಪ್ಪಣ್ಣ ಜೇನು ನೋಡಿಟ್ಟಿದ್ದ. ಕಾಲುದಾರಿಯ ಎರಡು ಕಡೆಯೂ ಬಿಳಿ. ಮೇಲೆ ಮರಗಳ ಸಂದಿಯಿಂದ ಬಿಸಿಲು ಚೂರು ಚೂರಾಗಿ ಬೀಳುತ್ತಿತ್ತು. ಗುಡ್ಡಕ್ಕೆ ಗುಡ್ಡವೇ ಗುಂಯ್ ಎನ್ನುತ್ತಿತ್ತು. ಆ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಾಗುತ್ತಿತ್ತು. ನನ್ನ ಮಗಳು ಜಯ, ಐದು ವರ್ಷದವಳು, ಅಪ್ಪನ ಹೆಗಲ ಮೇಲೆ ಕೂತು ಬಾಯಿ ತೆರೆದುಕೊಂಡೇ ಇದ್ದಳು. ನಡೆದೆವೋ, ನಿಂತಲ್ಲೇ ನಿಂತ ನಮ್ಮನ್ನು ತೋಟವೇ ದಾಟಿ ಹೋಯಿತೋ, ಈಗ ಕೇಳಿದರೆ ಹೇಳಲಾರೆ.

ಗಂಡಸರು ಪೊಟರೆಗೆ ಸ್ವಲ್ಪ ಹೊಗೆ ಊದಿದರು. ಚಿಣ್ಣಪ್ಪಣ್ಣ ಬರಿಗೈ ಒಳಗೆ ಹಾಕಿ, ಮಡಕೆಯಿಂದ ರಾಗಿ ತೆಗೆದ ಹಾಗೆ ಬೊಗಸೆ ಬೊಗಸೆ ಜೇನುನೊಣ ತೆಗೆದು ಪೆಟ್ಟಿಗೆಗೆ ಸುರಿದ. ಮೇಣದ ಎರಿಗಳನ್ನು ಕೊಯ್ದು ಮರದ ಚೌಕಟ್ಟಿಗೆ ಬಾಳೆ ನಾರಿನಲ್ಲಿ ಕಟ್ಟಿದರು. ರಾಣಿ ಒಳಗೆ ಹೋಯಿತು ಎಂದು ಇಬ್ಬರೂ ಮಗು ಹುಟ್ಟಿದವರ ಹಾಗೆ ಮುಖ ಮುಖ ನೋಡಿಕೊಂಡರು. ಮೇಯಲು ಹೋದ ಹುಳು ಮರಳುವವರೆಗೆ, ಹೊತ್ತು ಮುಳುಗುವ ತನಕ ಕಾಯಬೇಕಾಗಿತ್ತು. ಸೀತಕ್ಕ ತೊರೆಯ ಕಲ್ಲಿನಡಿ ಕೈಹಾಕಿ ಏಡಿ ಹಿಡಿದು ಜಯಳಿಗೆ ತೋರಿಸುತ್ತಿದ್ದಳು. ಅವಳು ತಂದದ್ದು ಕಡಂಬುಟ್ಟು, ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ನಾನು ತಂದದ್ದು ರಾಗಿ ರೊಟ್ಟಿ. ಜಯ ಅವಳದನ್ನೇ ತಿಂದಳು. ನಾನು ಕಲ್ಲಿನ ಮೇಲೆ ಕೂತು ನೀರು ನೋಡಿದೆ. ಏನೂ ಮಾಡದೆ ಕೂತ ಸಂಜೆ ನನ್ನ ಜೀವಮಾನದಲ್ಲಿ ಅದೇ ಮೊದಲು. ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಯಜಮಾನರು, ರಾತ್ರಿ ಹೊತ್ತುತಂದು ಅಡುಗೆಮನೆಯ ಪಕ್ಕದ ಕಲ್ಲಿನ ಮೇಲಿಟ್ಟ ಪೆಟ್ಟಿಗೆಯ ಬಾಯಿ ತೆಗೆದು, ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಹುಳುಗಳು ಹೊರಗೆ ಬಂದು, ಮುಖವನ್ನು ಪೆಟ್ಟಿಗೆಯ ಕಡೆಗೇ ತಿರುಗಿಸಿ, ಅತ್ತ ಇತ್ತ ತೂಗಿ, ಆಮೇಲೆ ಹಾರುತ್ತಿದ್ದವು. ಮನೆಯ ಗುರುತು ಹಿಡೀತಾ ಇವೆ ಎಂದು ಜಯಳಿಗೆ ಹೇಳಿಕೊಟ್ಟರು. ಬಿಸಿಲೇರಿದ ಮೇಲೆ ಅವಳನ್ನೂ ಕರೆದುಕೊಂಡು, ಚಿಣ್ಣಪ್ಪಣ್ಣನ ಜೊತೆ ಗಾಳ ಹಿಡಿದು ಹೊಳೆಗೆ ಹೊರಟರು. ನನ್ನನ್ನೂ ಕರೆದರು. ಟ್ರಂಕು ಕಟ್ಟುವುದಿದೆ ಎಂದೆ. ಇನ್ನೊಂದು ಸಲ ಕರೆಯಲಿಲ್ಲ.

ತವರಿನಿಂದ ಅಣ್ಣ ಬರುತ್ತಾನೆಂದರೆ ಅಂಗಳ ಸಾರಿಸದೆ ಬಿಡುವ ಹೆಂಗಸು ನಮ್ಮ ಕಡೆ ಇಲ್ಲ. ಬಿಟ್ಟು ಹೋಗುವ ಮನೆಯಾದರೂ ಸರಿ. ಸೀತಕ್ಕನ ಕೊಟ್ಟಿಗೆಯಿಂದ ಸಗಣಿ ತಂದು ಕಲಸಿದೆ. ಪೆಟ್ಟಿಗೆ ಅಡ್ಡ ಇತ್ತು. ಕರುವನ್ನು ಬಿಚ್ಚಿ ಬೇರೆ ಗೂಟಕ್ಕೆ ಕಟ್ಟುವ ಹಾಗೆ, ಅದನ್ನು ಮೆಲ್ಲಗೆ ಎತ್ತಿ ಇಪ್ಪತ್ತು ಹೆಜ್ಜೆ ಆಚೆ ಹಲಸಿನ ಮರದ ನೆರಳಿನಲ್ಲಿ ಇಟ್ಟೆ. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡಿದ್ದೆ.

ಅಂಗಳ ಅರ್ಧ ಮುಗಿಯುವಷ್ಟರಲ್ಲಿ ಬೆನ್ನ ಹಿಂದೆ ಸದ್ದು ಬೇರೆಯಾಯಿತು. ತಿರುಗಿದರೆ, ಬರಿಯ ಕಲ್ಲಿನ ಮೇಲೆ, ಪೆಟ್ಟಿಗೆ ಇದ್ದ ಎತ್ತರದಲ್ಲಿ, ಪೆಟ್ಟಿಗೆಯಷ್ಟೇ ಅಗಲಕ್ಕೆ ನೂರಾರು ಹುಳುಗಳು ತೇಲುತ್ತಿದ್ದವು. ಬಾಗಿಲು ಇದ್ದ ಕಡೆ ಬಂದು ಇಳಿಯಲು ಹೋಗಿ, ಇಳಿಯಲು ಏನೂ ಸಿಗದೆ ಮತ್ತೆ ಏಳುತ್ತಿದ್ದವು. ಕಾಲಲ್ಲಿ ಹೂವಿನ ಹಳದಿ ಪುಡಿ. ಇಲ್ಲದ ಮನೆಯೊಂದು ಗಾಳಿಯಲ್ಲಿ ನಿಂತು ನಡುಗುವ ಹಾಗೆ ಕಂಡಿತು. ಸಗಣಿ ಕೈಯಲ್ಲೇ ನಿಂತು ನೋಡಿದೆ.

ಬೇಲಿಯ ಹತ್ತಿರ ಬಂದ ಸೀತಕ್ಕ ಕೇಳಿದಳು. "ಎಂತ ಮಾಡಿದ್ದು ನೀನು? ಪೆಟ್ಟಿಗೆ ಎಲ್ಲಿ?"

"ಅಗೋ, ಮರದ ಕೆಳಗೆ. ನೆರಳಿದೆ."

"ನೆರಳು ಯಾರಿಗೆ ಬೇಕು ಮಾರಾಯ್ತಿ. ಎರಡಡಿ ಸರಿಸಬಹುದು, ಎರಡು ಮೈಲಿ ಒಯ್ಯಬಹುದು. ಇಪ್ಪತ್ತು ಹೆಜ್ಜೆ ಆಚೆ ಇಟ್ರೆ ಹಳೇ ಗುರುತಿಗೇ ಬರ್ತವೆ, ಅವಕ್ಕೆ ಮನೆಯೇ ಇಲ್ಲ."

ಗಂಡಸರು ಬರುವ ತನಕ ಬಿಡು, ಈಗ ಸಿಟ್ಟಿನಲ್ಲಿವೆ ಎಂದಳು. ನಾನು ಕೇಳಲಿಲ್ಲ. ಬೆಳಿಗ್ಗೆ ಯಜಮಾನರು ಅಷ್ಟು ಹೊತ್ತು ಕೂತು ನೋಡಿದ್ದನ್ನು ನಾನು ಒಂದು ಗಳಿಗೆಯಲ್ಲಿ ಅಳಿಸಿದ್ದೆ. ಹೋಗುವವಳು ಹೋಗುತ್ತೇನೆ, ಆದರೆ ಅದೊಂದನ್ನು ಹೊತ್ತುಕೊಂಡು ಹೋಗಲಾರೆ ಅನ್ನಿಸಿತು. ಸೆರಗು ಹೊದ್ದು, ಪೆಟ್ಟಿಗೆ ಎತ್ತಿ, ಆ ಗುಂಪಿನ ನಡುವೆಯೇ ನಡೆದು ಕಲ್ಲಿನ ಮೇಲೆ ಇಟ್ಟೆ. ಕೆನ್ನೆ, ರೆಪ್ಪೆ, ತುಟಿ, ಎಲ್ಲ ಕಡೆ ಚುಚ್ಚಿದವು. ಹುಳುಗಳು ಒಂದೊಂದೇ ಒಳಗೆ ಇಳಿಯುವುದನ್ನು ಉಳಿದ ಒಂದು ಕಣ್ಣಲ್ಲಿ ನೋಡಿದೆ.

ಸಂಜೆ ಯಜಮಾನರು ಬಂದು, ಸೀತಕ್ಕನಿಂದ ಎಲ್ಲ ಕೇಳಿದರು. ನನ್ನನ್ನು ಬೆಳಕಿಗೆ ಕೂರಿಸಿ ಉಗುರಿನಿಂದ ಮುಳ್ಳು ಕೆರೆದು ತೆಗೆದರು. ನಾಳೆ ಅಣ್ಣ ಈ ಮುಖ ನೋಡಿ ಏನಂದುಕೊಳ್ಳುತ್ತಾನೋ ಎಂದೆ.

"ಏನಾದ್ರೂ ಅಂದುಕೊಳ್ಳಲಿ. ನೀನು ತಿರುಗಿ ತಂದು ಇಟ್ಟೆಯಲ್ಲ" ಎಂದರು.

ಇರು ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಜಗಳವಾಡುತ್ತಿದ್ದೆ.

ಅಣ್ಣ ಬಂದ. ಮೊದಲು ನನ್ನ ಮುಖ ನೋಡಿದ, ಆಮೇಲೆ ನಮ್ಮವರ ಕೈ ನೋಡಿದ. ಜೇನು ಕಚ್ಚಿದ್ದು ಕಣಣ್ಣ ಎಂದೆ. "ಕಚ್ಚಿದ್ದು ಯಾರು ಅಂತ ಬಸ್ಸಲ್ಲಿ ಹೇಳುವಂತೆ. ನಡಿ" ಎಂದ. ಪೆಟ್ಟಿಗೆ ತೋರಿಸಿದೆ. ಅಷ್ಟು ಸಣ್ಣ ಹುಳ ಇಷ್ಟು ದೊಡ್ಡ ಕೆಲಸ ಮಾಡುತ್ತದೆಂದು ಅವನು ನಂಬಲಿಲ್ಲ. ಜಯಳನ್ನೂ ಕರೆದುಕೊಂಡು ಹೊರಟೆವು. ಶಿರಂಗಾಲ ದಾಟಿದ ಮೇಲೆ ಬಯಲು ತೆರೆದುಕೊಂಡಿತು. ಆಕಾಶ ಅಷ್ಟಿದೆಯೆಂದು ಮರೆತೇಹೋಗಿತ್ತು. ಒಂದೇ ಕಣ್ಣಲ್ಲಿ ನೋಡಿದರೂ ಮುಗಿಯಲಿಲ್ಲ.

ಊರಿಗೆ ಊರೇ ನನ್ನನ್ನು ನೋಡಲು ಬಂತು. ಅವ್ವ ಗಲ್ಲ ಹಿಡಿದು ತಿರುಗಿಸಿ, "ಅದ್ಯಾವ ಜೇನವ್ವ, ಎರಡು ಕೆನ್ನೆಗೂ ಸಮಸಮ ಕಚ್ಚಿರೋದು?" ಎಂದಳು. ನಾನು ಬಂದದ್ದು ಕೊಡಗನ್ನು ಬೈಯಲು. ಚಳಿ, ಜಿಗಣೆ, ಮಾತು ತಿಳಿಯದ ಜನ, ಎಲ್ಲವನ್ನೂ ಒಂದೊಂದಾಗಿ ಹೇಳಿಕೊಳ್ಳಬೇಕೆಂದು ಬಂದಿದ್ದೆ. ಈಗ ಒಂದು ಮಾತು ಬೈದರೂ, ನೋಡಿದಿರಾ, ಗಂಡ ಹೊಡೆದಿದ್ದಾನೆ ಅನ್ನುತ್ತಿದ್ದರು. ಹೊಡೆಯದವನನ್ನು ಹೊಡೆದ ಅಂದರೆ ನಾನು ಸುಮ್ಮನಿರುವವಳಲ್ಲ. ಅದಕ್ಕೆ ಬಂದವರಿಗೆಲ್ಲ ಹೊಗಳಿದೆ. ಗುಡ್ಡ ಬೆಳ್ಳಗಾದದ್ದು, ತೊರೆಯ ಏಡಿ, ಕೈಯಲ್ಲಿ ಜೇನು ಬಾಚಿದ ಚಿಣ್ಣಪ್ಪಣ್ಣ, ಸೀತಕ್ಕನ ಉಂಡೆ. ಎಂಟು ದಿನ ಹೊಗಳಿದೆ. ಹೇಳುತ್ತಾ ಹೇಳುತ್ತಾ ಮೂಗಿಗೆ ಆ ವಾಸನೆ ಬರತೊಡಗಿತು. ಅಲ್ಲಿದ್ದಾಗ ತಲೆ ತಿರುಗಿಸಿದ ವಾಸನೆ.

ಒಂಬತ್ತನೇ ದಿನ ಅವ್ವ ರಾಗಿ ಕೇರುತ್ತಾ, ಮುಖ ಎತ್ತದೆ ಕೇಳಿದಳು. "ಅಷ್ಟು ಚೆನ್ನಾಗಿದ್ರೆ ಇಲ್ಲಿಗ್ ಯಾಕ್ ಬಂದೆ?"

ನಾನು ಇನ್ನೊಂದು ಮೊರ ಎತ್ತಿಕೊಂಡೆ. ಮುಖದ ಊತ ಇಳಿದಿತ್ತು. ಹನ್ನೆರಡನೇ ದಿನ ಅಣ್ಣನೇ ನನ್ನನ್ನೂ ಜಯಳನ್ನೂ ಬಸ್ಸು ಹತ್ತಿಸಿದ.

ತಿರುಗಿ ಬಂದಾಗ ಹೂವೆಲ್ಲ ಕಂದಿ ಉದುರಿ, ಗುಡ್ಡ ಮೊದಲಿನ ಗುಡ್ಡವೇ ಆಗಿತ್ತು. ಪೆಟ್ಟಿಗೆಯಲ್ಲಿ ಹುಳು ಇದ್ದವು. ಯಜಮಾನರು ಒಂದು ಲೋಟ ನೀರು ತಂದು ಕೊಟ್ಟು ಕೆಲಸಕ್ಕೆ ಹೋದರು. ಸೀತಕ್ಕ ಬೇಲಿಯ ಮೇಲೆ ಕೈಯಿಟ್ಟು, "ಓ, ಬಂದದ್ದಾ? ಇನ್ನು ಬರುದಿಲ್ಲ ಅಂತ ಎಣಿಸಿದ್ದೆ. ಹೇಗುಂಟು ನಿಮ್ಮೂರು?" ಎಂದಳು.

ನಾನು ಶುರು ಮಾಡಿದೆ. ಬಯಲು ಹೇಳಿದೆ, ಆಕಾಶ ಹೇಳಿದೆ, ಜಗಲಿ ತುಂಬ ಕೂರುವ ಜನ, ಕಣದ ಗಾಳಿ, ಹುಚ್ಚೆಳ್ಳಿನ ಹಳದಿ, ನಾನು ಯಾವತ್ತೂ ತಿರುಗಿ ನೋಡದಿದ್ದ ಆ ಹಳದಿ, ಎಲ್ಲ ಹೇಳಿದೆ. ಒಲೆಯ ಮೇಲಿನ ಎಸರು ಉಕ್ಕಿದರೂ ನಿಲ್ಲಿಸಲಿಲ್ಲ. ಇಲ್ಲೇ ಮೊಮ್ಮಕ್ಕಳನ್ನು ಕಂಡಿದ್ದೇನೆ, ಇಲ್ಲಿ ಕೂತು ಅಲ್ಲಿಯದನ್ನು, ಅಲ್ಲಿ ಕೂತು ಇಲ್ಲಿಯದನ್ನು ಹೊಗಳುವ ಈ ರೋಗ ಇವತ್ತಿಗೂ ವಾಸಿಯಾಗಿಲ್ಲ. ಸೀತಕ್ಕ ಪೂರ್ತಿ ಕೇಳಿ, ಅಷ್ಟು ಲಾಯ್ಕ ಉಂಟಾದರೆ ಎಂದು ಬಾಯಿ ತೆರೆದಳು. ಅವಳು ಮುಂದೆ ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಅವ್ವ ಕಟ್ಟಿಕೊಟ್ಟ ರಾಗಿ ಚೀಲದ ಬಾಯಿ ಬಿಚ್ಚಿ, ನಿನಗೂ ಒಂದಿಷ್ಟು, ಮೊದಲು ಹೋಗಿ ಒಂದು ಪಾತ್ರೆ ತಾ ಎಂದೆ.