ಅತ್ತೆ ಓದಿದ ಮಾಂಗಾ

ಇವತ್ತು ಮೆಟ್ರೋದಲ್ಲಿ ಪಕ್ಕದ ಹುಡುಗಿ ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ, ಓದುತ್ತಿದ್ದಳು. ಬಲದಿಂದ ಎಡಕ್ಕೆ ಸಾಗುವ ಆ ಪುಟಗಳನ್ನು ಕಂಡದ್ದೇ ತಡ, ನಾನು ಮದ್ರಾಸಿನ ತ್ರಿಪ್ಲಿಕೇನಿನಲ್ಲಿದ್ದ ನಮ್ಮ ಮೆಸ್ಸಿನ ಅಡುಗೆಮನೆ ಸೇರಿಬಿಟ್ಟೆ.

ಚಿಕ್ಕವಳಿದ್ದಾಗ ಅಲ್ಲಿನ ಹಳೇ ಪುಸ್ತಕದಂಗಡಿಯಲ್ಲಿ ನನಗೊಂದು ಜಪಾನಿ ಭಾಷೆಯ ಮಾಂಗಾ ಸಿಕ್ಕಿತ್ತು, ಹೈಸ್ಕೂಲಿನ ಹುಡುಗ ಹುಡುಗಿಯ ಪ್ರೇಮಕಥೆ. ಒಂದಕ್ಷರವೂ ತಿಳಿಯದೆ, "ಒಣ್ಣುಮೇ ಪುರಿಯಲ, ಅತ್ತೆ" ಎಂದು ತಮಿಳಿನಲ್ಲಿ ಗೊಣಗಿದೆ. ಅತ್ತೆ ಅಪ್ಪನ ಅಕ್ಕ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಮದುವೆಯಾಗದವಳು, ಉಡುಪಿಯಿಂದ ಬಂದು ಮೆಸ್ಸಿನ ಅಡುಗೆ ನೋಡಿಕೊಳ್ಳುತ್ತಿದ್ದಳು. ಕಾಯಿ ತುರಿದ ಕೈಯನ್ನು ಸೆರಗಿಗೆ ಒರೆಸಿ, ಚಿತ್ರಗಳನ್ನೇ ನೋಡುತ್ತ ಕೂತಳು.

"ಇವನಿಗೆ ಅವಳ ಮೇಲೆ ಮನಸ್ಸುಂಟು. ಹೇಳ್ಲಿಕ್ಕೆ ಹೆದರಿಕೆ, ಅದಕ್ಕೇ ಕಿಟಕಿ ನೋಡುದು. ಕಡೆಗೆ ಅವಳೇ ಹೇಳ್ತಾಳೆ."

"ನಿಂಗೆ ಹೇಗೆ ಗೊತ್ತು?"

"ನನ್ನ ಪ್ರಾಯದಲ್ಲಿ ನಾನು ಹೇಳ್ಲಿಲ್ಲ ಮಾರಾಯ್ತಿ, ಅದಕ್ಕೇ ಗೊತ್ತು" ಎಂದು ಅತ್ತೆ ಮತ್ತೆ ತುರಿಮಣೆಗೆ ಕೂತಳು. ನಾನು ಅವಳನ್ನು ಮೊದಲ ಸಲ ನೋಡಿದವಳಂತೆ ನೋಡುತ್ತ ನಿಂತೆ.

ಎಷ್ಟೋ ವರ್ಷಗಳ ಮೇಲೆ ಅದರ ಇಂಗ್ಲಿಷ್ ಅನುವಾದ ಸಿಕ್ಕಿತು. ಅತ್ತೆ ಹೇಳಿದಂತೆಯೇ ಹುಡುಗಿಯೇ ಮೊದಲು ಬಾಯಿಬಿಟ್ಟಿದ್ದಳು. ಈಗಲೂ ಹೊಸ ಮಾಂಗಾ ಕೈಗೆ ಬಂದರೆ ನಾನು ಮೊದಲು ಮುಖಗಳನ್ನಷ್ಟೇ ಓದುತ್ತೇನೆ. ಮಾತುಗಳನ್ನು ಎರಡನೆಯ ಓದಿಗೆ ಇಟ್ಟುಕೊಳ್ಳುತ್ತೇನೆ.